ಸಸ್ಯಾಹಾರಿಯ ಸ್ನಾಯುಬಲಕ್ಕೆ ಕ್ರಿಯಾಟಿನ್: ನನ್ನ ಅನುಭವ

ಹುಟ್ಟಿನಿಂದ ಸಸ್ಯಾಹಾರಿಯಾದ ನಾನು ಐವತ್ತೈದು ದಾಟಿದ ಮೇಲೆ ಕ್ರಿಯಾಟಿನ್ ಮೊನೊಹೈಡ್ರೇಟ್ ಎಂಬ ಪೂರಕ ಪುಡಿಯನ್ನು ಸೇವಿಸಲು ಆರಂಭಿಸಿದೆ. ಕ್ರಿಯಾಟಿನ್ ಎಂದರೆ ಸ್ನಾಯುಗಳಿಗೆ ಶಕ್ತಿ ಒದಗಿಸಲು ನೆರವಾಗುವ ವಸ್ತು. ಯಕೃತ್ತು ಮತ್ತು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 1 ಗ್ರಾಂ ಕ್ರಿಯಾಟಿನ್ ತಯಾರಿಸುತ್ತವೆ. ಆಹಾರದ ಮೂಲಕ ಅದು ದೊರೆಯುವುದು ಮುಖ್ಯವಾಗಿ ಮೀನು, ಮಾಂಸಗಳಿಂದ. ಆದ್ದರಿಂದ ನಮ್ಮಂಥವರ ಸ್ನಾಯುಗಳಲ್ಲಿ ಅದರ ಸಂಗ್ರಹ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳಲ್ಲಿ ಖರ್ಚಾದ ಎಟಿಪಿಯನ್ನು (ಕೋಶಗಳು ಶಕ್ತಿಗಾಗಿ ಬಳಸುವ ಅಣು) ಕೂಡಲೇ ತುಂಬಿಕೊಡುವುದು ಸ್ನಾಯುಗಳಲ್ಲಿ ಕ್ರಿಯಾಟಿನ್‌ನಿಂದ ಉಂಟಾಗುವ ಫಾಸ್ಫೋಕ್ರಿಯಾಟಿನ್ ಎಂಬುದನ್ನು ತಿಳಿದಾಗ, ಈ ಪೂರಕಕ್ಕೆ ನನ್ನ ಊಟದಲ್ಲಿ ಸ್ಥಾನವಿದೆ ಎಂದು ನನಗೆ ಮನವರಿಕೆಯಾಯಿತು.

ಸ್ನಾಯುಗಳನ್ನು ಬೇಗ ತುಂಬಿಸಲು ಮೊದಲ ಕೆಲವು ದಿನ ದಿನಕ್ಕೆ 20 ಗ್ರಾಂನಂತೆ ಆರಂಭಿಸುವ ಪದ್ಧತಿಯನ್ನು ನಾನು ಅನುಸರಿಸಲಿಲ್ಲ. ದಿನಕ್ಕೆ 3 ಗ್ರಾಂ ತೆಗೆದುಕೊಂಡರೂ ಸುಮಾರು ನಾಲ್ಕು ವಾರಗಳಲ್ಲಿ ಸ್ನಾಯುಗಳು ಅದೇ ಮಟ್ಟಕ್ಕೆ ತುಂಬುತ್ತವೆ, ಹೊಟ್ಟೆಗೂ ತೊಂದರೆ ಕಡಿಮೆ. ಮೊದಲಿಗೆ ತೂಕ ತುಸು ಏರಿತು. ಅದು ಸ್ನಾಯುಕೋಶಗಳು ಹಿಡಿದಿಟ್ಟುಕೊಂಡ ನೀರೇ ಹೊರತು ಹೊಸ ಮಾಂಸಖಂಡವಲ್ಲ. ಬಲ ಹೆಚ್ಚಿದ್ದು ಕುಳಿತು ಏಳುವ ಮತ್ತು ಭಾರ ಎತ್ತುವ ವ್ಯಾಯಾಮವನ್ನು ಬಿಡದೆ ಮಾಡಿದ್ದರಿಂದ. ಪುಡಿಯೊಂದನ್ನೇ ನೆಚ್ಚಿಕೊಂಡು ಕುಳಿತರೆ ವಯಸ್ಸಿನ ಸ್ನಾಯುಕ್ಷಯ ನಿಲ್ಲುತ್ತದೆ ಎಂದು ನಾನು ಯಾರಿಗೂ ಹೇಳಲಾರೆ.

ಪ್ರೋಟೀನಿನ ಲೆಕ್ಕವನ್ನೂ ಸರಿಪಡಿಸಿಕೊಂಡೆ. ವಯಸ್ಸಾದಂತೆ ಸ್ನಾಯುಗಳು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಿಗೆ ಮಂದವಾಗಿ ಸ್ಪಂದಿಸುವುದರಿಂದ, ಹಿರಿಯರು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಸೇವಿಸಬೇಕೆಂಬುದು ತಜ್ಞರ ಸಲಹೆ. ಉಪ್ಪಿಟ್ಟು, ಅನ್ನ, ತಿಳಿಸಾರಿನಲ್ಲಿ ಅದು ಒದಗದು. ಹೆಸರುಕಾಳಿನ ಉಸಲಿ, ಮೊಸರು, ಸೋಯಾ ಮತ್ತು ಬೆಳಗಿನ ಹೊತ್ತು ಸ್ವಲ್ಪ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಸೇರಿಸಿಕೊಂಡೆ.

ಕೋಶಗಳ ಮುಪ್ಪನ್ನು ತಡೆಯುತ್ತವೆಂದು ಮಾರುವ ಮಾತ್ರೆಗಳ ವಿಷಯದಲ್ಲಿ ನನ್ನ ನಿಲುವು ಬೇರೆ. ಎನ್‌ಎಂಎನ್ ಎಂಬ ಪೂರಕವು ರಕ್ತದಲ್ಲಿ, ಕೋಶಗಳ ಶಕ್ತಿ ಉತ್ಪಾದನೆಗೆ ಬೇಕಾದ ಎನ್‌ಎಡಿ ಪ್ರಮಾಣವನ್ನು ಏರಿಸುತ್ತದೆ ನಿಜ, ಆದರೆ ಮನುಷ್ಯರಲ್ಲಿ ಅದರಿಂದ ಸ್ನಾಯುಬಲ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲದ ಕಾರಣ ನಾನದನ್ನು ಕೊಳ್ಳಲಿಲ್ಲ. ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಮತ್ತು ಇ ಮಾತ್ರೆಗಳನ್ನಂತೂ ಬೇಕೆಂದೇ ದೂರವಿಟ್ಟೆ. ವ್ಯಾಯಾಮದಲ್ಲಿ ಹುಟ್ಟುವ ಆಕ್ಸಿಡೀಕರಣದ ಒತ್ತಡವೇ ಮೈಟೋಕಾಂಡ್ರಿಯಾಗಳನ್ನು (ಕೋಶದಲ್ಲಿ ಶಕ್ತಿ ತಯಾರಿಸುವ ಭಾಗಗಳನ್ನು) ಬಲಪಡಿಸಲು ಕೋಶಕ್ಕೆ ಸಿಗುವ ಸೂಚನೆ. ದಿನಕ್ಕೆ 1000 ಮಿಲಿಗ್ರಾಂ ಸಿ ಹಾಗೂ 400 ಐಯು ಇ ಸೇವಿಸಿದವರಲ್ಲಿ, ವ್ಯಾಯಾಮದಿಂದ ಇನ್ಸುಲಿನ್ ಸಂವೇದನೆಗೆ (ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿಗೆ) ಸಿಗಬೇಕಿದ್ದ ಲಾಭವೇ ಕಾಣಲಿಲ್ಲವೆಂದು 2009ರ ಜರ್ಮನ್ ಅಧ್ಯಯನವೊಂದು ತೋರಿಸಿತ್ತು. ನೆಲ್ಲಿಕಾಯಿ, ನಿಂಬೆಹಣ್ಣು ಎಂದಿನಂತೆ ಊಟದಲ್ಲಿವೆ.

ಕ್ರಿಯಾಟಿನ್ ಸೇವಿಸುವವರ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ಅಳೆಯಲು ಬಳಸುವ ಕ್ರಿಯಾಟಿನೈನ್ ತುಸು ಹೆಚ್ಚು ಕಾಣಬಹುದು, ಏಕೆಂದರೆ ಅದು ಕ್ರಿಯಾಟಿನ್ ಒಡೆದಾಗಲೇ ಉಂಟಾಗುವ ವಸ್ತು. ಅದಕ್ಕಾಗಿ ಪೂರಕದ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಮೂತ್ರಪಿಂಡದ ಸ್ಥಿತಿಯನ್ನು ಬೇರೆ ರೀತಿಯಲ್ಲಿ ತಿಳಿಸುವ ಸಿಸ್ಟಾಟಿನ್ ಸಿ ಪರೀಕ್ಷೆಯನ್ನೂ ಮಾಡಿಸಿಕೊಂಡೆ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಲೇಬಾರದು.