ಹೊಸ ಕಿಟಕಿಗೆ ತೂತು ಕೊರೆಯದೆ ಮನೆಗೆ ಅಲಾರಂ ಅಳವಡಿಸುವ ಕ್ರಮ

ಹೊಸದಾಗಿ ಕೂರಿಸಿದ ಕಿಟಕಿಗಳಿರುವ ಮನೆಗೆ ಕಳ್ಳರ ಅಲಾರಂ ಹಾಕುವ ಮುನ್ನ ಒಂದು ನಿಯಮವನ್ನು ಗಟ್ಟಿಮಾಡಿಕೊಳ್ಳಬೇಕು: ಕಿಟಕಿಯ ಚೌಕಟ್ಟಿಗೆ ಡ್ರಿಲ್ ತಾಗಬಾರದು. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಚೌಕಟ್ಟು ಹೊರನೋಟಕ್ಕೆ ಗಟ್ಟಿಯಾಗಿ ಕಂಡರೂ ಒಳಗೆ ಹಲವು ಟೊಳ್ಳು ಖಾನೆಗಳಾಗಿರುತ್ತದೆ. ಒಂದು ಖಾನೆ ಮಳೆನೀರನ್ನು ಹೊರಗೆ ಹರಿಸಿದರೆ, ಇನ್ನೊಂದರಲ್ಲಿ ಬಲಕ್ಕೆಂದು ಸೇರಿಸಿದ ಉಕ್ಕಿನ ಪಟ್ಟಿ ಇರುತ್ತದೆ. ಇವುಗಳ ನಡುವಿನ ತೆಳು ಗೋಡೆಯನ್ನು ಸಣ್ಣದೊಂದು ಸ್ಕ್ರೂ ತೂರಿದರೂ ನೀರು ಉಕ್ಕಿನ ಕಡೆ ಇಳಿದು ತುಕ್ಕು ಹಿಡಿಸಬಲ್ಲದು. ಎರಡು ಪದರದ ಗಾಜಿನ ಅಂಚಿಗೆ ಡ್ರಿಲ್ ತಗುಲಿ ಸೀಲ್ ಬಿಟ್ಟುಕೊಂಡರಂತೂ ಪದರಗಳ ನಡುವೆ ಮಬ್ಬು ಕವಿಯುತ್ತದೆ. ಆಮೇಲೆ ಆ ಗಾಜನ್ನೇ ಬದಲಿಸಬೇಕಾಗುತ್ತದೆ. ತೂತು ಕೊರೆದ ಚೌಕಟ್ಟಿಗೆ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ಕಿಟಕಿಯ ಜೊತೆ ಬಂದ ಕಾಗದಪತ್ರಗಳಲ್ಲಿ ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಕಿಟಕಿಗೆ ಸೂಕ್ತವಾದದ್ದು ತಂತಿಯಿಲ್ಲದ, ಬ್ಯಾಟರಿಯಿಂದ ನಡೆಯುವ ಕಾಂಟ್ಯಾಕ್ಟ್ ಸೆನ್ಸರ್. ಇದರಲ್ಲಿ ಎರಡು ತುಂಡುಗಳಿರುತ್ತವೆ: ರೀಡ್ ಸ್ವಿಚ್ (ಆಯಸ್ಕಾಂತಕ್ಕೆ ಸ್ಪಂದಿಸುವ ಸ್ವಿಚ್) ಇರುವ ದೊಡ್ಡ ತುಂಡನ್ನು ಚೌಕಟ್ಟಿಗೂ, ಆಯಸ್ಕಾಂತವಿರುವ ಚಿಕ್ಕ ತುಂಡನ್ನು ತೆರೆಯುವ ಬಾಗಿಲಿಗೂ ಅಂಟಿಸಬೇಕು. ಬಾಗಿಲು ತೆರೆದು ಆಯಸ್ಕಾಂತ ದೂರ ಸರಿದೊಡನೆ ಸ್ವಿಚ್‌ನ ಸ್ಥಿತಿ ಬದಲಾಗಿ, ಸೆನ್ಸರ್ ಅಲಾರಂನ ಮುಖ್ಯ ಪೆಟ್ಟಿಗೆಗೆ ಸಂದೇಶ ಕಳುಹಿಸುತ್ತದೆ. ಕೀಲಿನಿಂದ ದೂರವಿರುವ ಅಂಚಿನಲ್ಲಿ ಜೋಡಿಸಿದರೆ ಬಾಗಿಲು ಸ್ವಲ್ಪ ತೆರೆದರೂ ತಿಳಿಯುತ್ತದೆ. ಎರಡು ತುಂಡುಗಳ ನಡುವೆ ಎಷ್ಟು ಅಂತರವಿರಬಹುದೆಂದು ಕೈಪಿಡಿಯಲ್ಲಿ ಹೇಳಿರುತ್ತಾರಾದರೂ, ಚೌಕಟ್ಟಿನೊಳಗಿನ ಉಕ್ಕು ಆಯಸ್ಕಾಂತದ ಬಲವನ್ನು ತಗ್ಗಿಸುವುದರಿಂದ ಆ ಅಳತೆಯನ್ನು ಪೂರ್ತಿ ನಂಬುವಂತಿಲ್ಲ. ಎರಡನ್ನೂ ಮೊದಲು ಮಾಸ್ಕಿಂಗ್ ಟೇಪ್‌ನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಕಿಟಕಿಯನ್ನು ಹಲವು ಬಾರಿ ತೆರೆದು ಮುಚ್ಚಿ, ಪ್ರತಿಸಲವೂ ಸೆನ್ಸರ್‌ನ ದೀಪ ಮಿಂಚುತ್ತದೆಯೇ ಎಂದು ನೋಡಬೇಕು. ಜಾರುವ ಕಿಟಕಿಯಾದರೆ ಪಕ್ಕದ ಹಳಿಯಲ್ಲಿ ಓಡುವ ಸೊಳ್ಳೆಪರದೆಯ ಬಾಗಿಲಿಗೆ ಸೆನ್ಸರ್ ಅಡ್ಡ ಬರದಂತೆ ಜಾಗ ಅಳೆಯಬೇಕು. ಇದನ್ನು ಮರೆತರೆ ಆಮೇಲೆ ಎಲ್ಲವನ್ನೂ ಕಿತ್ತು ಹಾಕಬೇಕಾದೀತು. ಚೌಕಟ್ಟಿನ ತಳದಲ್ಲಿರುವ ನೀರು ಹೋಗುವ ಸೀಳುಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಅಂಟು ನಿಲ್ಲುವುದೂ ಬಿಡುವುದೂ ಅಂಟಿಸುವ ಜಾಗದ ಸಿದ್ಧತೆಯಿಂದಲೇ. ಹೊಸ ಕಿಟಕಿಯ ಮೇಲೆ ಕಾರ್ಖಾನೆಯ ರಕ್ಷಣಾ ಹಾಳೆ ಉಳಿದಿದ್ದರೆ ಅದನ್ನು ಪೂರ್ತಿ ತೆಗೆಯಬೇಕು, ಏಕೆಂದರೆ ಅದರ ಮೇಲೆ ಅಂಟಿಸಿದ ಸೆನ್ಸರ್ ಹಾಳೆಯ ಸಮೇತ ಕೆಳಗೆ ಬೀಳುತ್ತದೆ. ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಆರಲು ಬಿಡಬೇಕು. ಥಿನ್ನರ್ ಮತ್ತು ಅಸಿಟೋನ್ ಯುಪಿವಿಸಿಯ ಮೇಲ್ಮೈಯನ್ನು ಮೆತ್ತಗಾಗಿಸಿ ಕಲೆ ಉಳಿಸುವುದರಿಂದ ಅವುಗಳನ್ನು ಹತ್ತಿರಕ್ಕೂ ತರಬಾರದು. ಮರದ ನಮೂನೆಯ ಹಾಳೆ ಹೊದಿಸಿದ ಚೌಕಟ್ಟಿನಲ್ಲಿ ಒರೆಸುವುದನ್ನೂ ಅಂಟಿಸುವುದನ್ನೂ ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಬೇಕು. ಅಕ್ರಿಲಿಕ್ ಫೋಮ್‌ನ ಡಬಲ್ ಸೈಡ್ ಟೇಪ್ ಉತ್ತಮ. ಅದನ್ನು ಅರ್ಧ ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಬೇಕು. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಅದು ಪೂರ್ಣ ಬಲಕ್ಕೆ ಬರಲು ಸುಮಾರು 72 ಗಂಟೆ ಹಿಡಿಯುತ್ತದೆ. 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಚೌಕಟ್ಟಿಗೆ ಅಂಟು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ.

ಸ್ಕ್ರೂ ಬೇಕೇಬೇಕಾದ ಸಾಧನಗಳೆಲ್ಲ ಗೋಡೆಗೆ ಸೇರಿದವು. ಕಾಂಟ್ಯಾಕ್ಟ್ ಸೆನ್ಸರ್ ಕಿಟಕಿ ತೆರೆದಾಗ ಮಾತ್ರ ಕೂಗುತ್ತದೆ. ಕಳ್ಳ ಗಾಜು ಒಡೆದು ಬಾಗಿಲು ತೆರೆಯದೆಯೇ ನುಸುಳಿದರೆ ಅದಕ್ಕೆ ಏನೂ ತಿಳಿಯದು. ಈ ಕೊರತೆಯನ್ನು ತುಂಬಲು ಗಾಜು ಒಡೆಯುವ ಸದ್ದನ್ನು ಗುರುತಿಸುವ ಸೆನ್ಸರನ್ನು ಕಿಟಕಿಗೆ ಎದುರಾದ ಗೋಡೆಗೋ ಚಾವಣಿಗೋ ಹಾಕಬಹುದು. ದಪ್ಪ ಪರದೆಗಳು ಸದ್ದನ್ನು ಹೀರುವುದರಿಂದ ಪರದೆ ಎಳೆದಿರುವಾಗಲೂ ಅದನ್ನು ಪರೀಕ್ಷಿಸಬೇಕು, ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರವಿರುವ) ಗಾಜಿಗೂ ಅದು ಸ್ಪಂದಿಸುತ್ತದೆಯೇ ಎಂದು ಕೊಳ್ಳುವಾಗಲೇ ವಿಚಾರಿಸಬೇಕು. ಚಲನೆ ಗುರುತಿಸುವ ಸೆನ್ಸರನ್ನು ಸಾಮಾನ್ಯವಾಗಿ 2.1ರಿಂದ 2.4 ಮೀಟರ್ ಎತ್ತರದಲ್ಲಿ, ಕೋಣೆಯ ಮೂಲೆಯಲ್ಲಿ ಕೂರಿಸುತ್ತಾರೆ. ಅದು ಕಿಟಕಿಯತ್ತ ಮುಖ ಮಾಡಿದ್ದರೆ ಬಿಸಿಲಿನ ಏರಿಳಿತಕ್ಕೂ ಸುಮ್ಮನೆ ಕೂಗಿಕೊಳ್ಳಬಹುದು.

ಮುಖ್ಯ ಪೆಟ್ಟಿಗೆಯನ್ನು ಹೊರಗಿನಿಂದ ಕಾಣದ ಜಾಗದಲ್ಲಿ, ದೊಡ್ಡ ಲೋಹದ ವಸ್ತುಗಳಿಂದ ದೂರವಿಟ್ಟು, ಟೆಸ್ಟ್ ಮೋಡ್‌ನಲ್ಲಿ ಒಂದೊಂದೇ ಕಿಟಕಿ ತೆರೆದು ಎಲ್ಲ ಸೆನ್ಸರ್‌ಗಳ ಸಂದೇಶ ಬರುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮುಂದೆಂದಾದರೂ ಸೆನ್ಸರ್ ತೆಗೆಯಬೇಕಾದರೆ ಚಾಕುವಿನಿಂದ ಮೀಟಬಾರದು. ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿಮಾಡಿ, ಸೆನ್ಸರ್ ಹಾಗೂ ಚೌಕಟ್ಟಿನ ನಡುವೆ ಹಲ್ಲು ಸ್ವಚ್ಛಗೊಳಿಸುವ ದಾರವನ್ನು ಗರಗಸದಂತೆ ಆಡಿಸಿದರೆ ಫೋಮ್ ನಿಧಾನವಾಗಿ ತುಂಡಾಗುತ್ತದೆ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿ ಸುರುಳಿಯಾಗಿ ಬಿಡಿಸಿ, ಮತ್ತೆ ಅದೇ ಆಲ್ಕೋಹಾಲ್ ಬಟ್ಟೆಯಿಂದ ಒರೆಸಬೇಕು.