ಓದಿದ್ದೋ, ಒಪ್ಪಿಸಿದ್ದೋ: ಆರನೇ ತರಗತಿಯ ಇಂಗ್ಲಿಷ್

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಹಾಗಾಗಿ ಆರಕ್ಕೆ ಬರುವ ಮಕ್ಕಳು ಪಾಠವನ್ನು ಗಡಗಡ ಹೇಳುತ್ತಾರೆ. ಅದು ಓದೋ ಬಾಯಿಪಾಠವೋ ತಿಳಿಯಲು, ಪಾಠದ ನಾಲ್ಕು ವಾಕ್ಯಗಳನ್ನು ಹಿಂದುಮುಂದು ಮಾಡಿ, ಒಂದೆರಡು ಪದ ಬದಲಿಸಿ ಬೋರ್ಡಿನ ಮೇಲೆ ಬರೆದು ಒಬ್ಬೊಬ್ಬರಿಂದಲೇ ಓದಿಸುತ್ತೇನೆ. ಎಲ್ಲರೂ ಒಟ್ಟಿಗೆ ಓದಿದರೆ ಏನೂ ಗೊತ್ತಾಗುವುದಿಲ್ಲ. ಇಬ್ಬರು ಓದುತ್ತಾರೆ, ಉಳಿದವರು ದನಿಗೂಡಿಸುತ್ತಾರೆ.

ತಡವರಿಸಿದವರಿಗೆ ಎಬಿಸಿಡಿ ಕ್ರಮ ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳಿಂದ ಆರಂಭ. ಇಷ್ಟರಲ್ಲೇ ಸ್ಯಾಟ್, ಟ್ಯಾಪ್, ಪಿನ್, ಟಿನ್, ಸಿಪ್, ಆ್ಯಂಟ್, ಸ್ಪಿನ್ ಎಲ್ಲ ಹುಟ್ಟುತ್ತವೆ. ಅಕ್ಷರದ ಹೆಸರು ಬೇಡ, ದನಿ ಸಾಕು. ಅದೂ 'ಟ', 'ಪ' ಅಲ್ಲ, 'ಟ್', 'ಪ್'. ಮೇಷ್ಟರೇ ಅಕಾರ ಸೇರಿಸಿ ಹೇಳಿಕೊಟ್ಟರೆ ಮಗು 'ಟ-ಆ್ಯ-ಪ' ಅನ್ನುತ್ತದೆ, ಕೂಡಿಸಿದರೂ ಪದ ಆಗುವುದಿಲ್ಲ. ಕಾಗುಣಿತ ಬಲ್ಲ ಮಗುವಿಗೆ ವ್ಯಂಜನಕ್ಕೆ ಸ್ವರ ಸೇರುವುದನ್ನು ಹೊಸದಾಗಿ ಕಲಿಸಬೇಕಿಲ್ಲ. ಇದು ಕನ್ನಡದ ಮಕ್ಕಳಿಗೆ ಇರುವ ದೊಡ್ಡ ಅನುಕೂಲ, ನಾವದನ್ನು ಬಳಸಿಕೊಳ್ಳುವುದೇ ಕಡಿಮೆ.

ದ, ವಾಸ್, ಸೆಡ್, ಒನ್ ಥರದ ಪದಗಳು ದನಿ ಕೂಡಿಸಿದರೆ ಬರುವುದಿಲ್ಲ. ವಾರಕ್ಕೆ ನಾಲ್ಕರಂತೆ ರಟ್ಟಿನ ಮೇಲೆ ಬರೆದು, ನೋಡಿದ ಕೂಡಲೇ ಹೇಳುವ ಹಾಗೆ ರೂಢಿ ಮಾಡಿಸಬೇಕು.

ಪದದ ಕೊನೆಗೆ ಉಕಾರ ಅಂಟುವುದು ಇನ್ನೊಂದು ತೊಡಕು: ಬಸ್ಸು, ಬುಕ್ಕು. ನಮ್ಮ ಮಾತು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುವುದರಿಂದ ನಾಲಿಗೆ ವ್ಯಂಜನದಲ್ಲಿ ನಿಲ್ಲುವುದಿಲ್ಲ. 'ಸಿಟ್–ಸಿಟಿ', 'ಹ್ಯಾಂಡ್–ಹ್ಯಾಂಡಿ' ಜೋಡಿಗಳನ್ನು ಬರೆದು ನಾನು ಒಂದನ್ನು ಹೇಳುತ್ತೇನೆ. ಮಕ್ಕಳು ಒಂದು ಬೆರಳೋ ಎರಡು ಬೆರಳೋ ಎತ್ತಿ ಯಾವುದೆಂದು ತೋರಿಸಬೇಕು. ಕಿವಿಗೆ ವ್ಯತ್ಯಾಸ ಸಿಕ್ಕ ಮೇಲೇ ಬಾಯಿಗೆ ಕೆಲಸ.

ಇಂಗ್ಲಿಷ್ ಸಾಲಿನ ಮೇಲೆ ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುವುದನ್ನು ಮಾತ್ರ ಬಿಡಿಸಲೇಬೇಕು. ಕಣ್ಣು ಕನ್ನಡದ ಸಾಲಿನಲ್ಲೇ ಓಡುತ್ತದೆ, ಕೆಳಗಿನ ಅಕ್ಷರಗಳನ್ನು ಯಾರೂ ನೋಡುವುದಿಲ್ಲ. ಅರ್ಥವನ್ನು ಕನ್ನಡದಲ್ಲಿ ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಓದಲು ಕೊಡುವ ಭಾಗ ನಲವತ್ತು–ಐವತ್ತು ಪದ, ಹೊಸ ಪದ ನಾಲ್ಕೈದು ಮೀರಬಾರದು. ಪ್ರಶ್ನೆ ಕೇಳುವಾಗ ಪಾಠದ ಪದಗಳನ್ನೇ ಬಳಸಿದರೆ ಮಕ್ಕಳು ಅದೇ ಪದ ಇರುವ ಸಾಲು ಹುಡುಕಿ ಇಳಿಸಿಬಿಡುತ್ತಾರೆ. ಅರ್ಥವಾಗದೆಯೂ ಉತ್ತರ ಸರಿಯಾಗುತ್ತದೆ!

ಮಾತುಕತೆಯಲ್ಲೂ ಇದೇ ಮೋಸ. 'ವಾಟ್ ಈಸ್ ಯುವರ್ ನೇಮ್?' ಎಂದು ಆರು ವರ್ಷದಿಂದ ಪಕ್ಕದಲ್ಲೇ ಕೂತವನನ್ನು ಕೇಳಿಸುವುದು ಸಂಭಾಷಣೆಯಲ್ಲ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬಾರದು. ಅದಕ್ಕೆ 40 ನಿಮಿಷದ ಪೀರಿಯಡ್‌ನಲ್ಲಿ ಕೊನೆಯ ಹದಿನೈದು ನಿಮಿಷ ಅಂಗಡಿ ಆಟ. ಅಂಗಡಿಯವರ ಕಾರ್ಡಿನಲ್ಲಿ ಆರು ಸಾಮಾನು: ನಾಲ್ಕಕ್ಕೆ ಬೆಲೆ ಇದೆ, ಎರಡು ಖಾಲಿ. ಗಿರಾಕಿಯ ಕಾರ್ಡಿನಲ್ಲಿ ಐದು ಸಾಮಾನಿನ ಚೀಟಿ ಮತ್ತು ನೂರು ರೂಪಾಯಿ. ನಡುವೆ ಪುಸ್ತಕ ನೆಟ್ಟಗೆ ನಿಲ್ಲಿಸದಿದ್ದರೆ ಇಣುಕಿ ನೋಡುತ್ತಾರೆ, ಆಟ ಅಲ್ಲಿಗೇ ಮುಗಿಯಿತು. ಬೋರ್ಡಿನ ಮೇಲೆ ಮೂರೇ ವಾಕ್ಯ: 'ಡು ಯು ಹ್ಯಾವ್…', 'ಹೌ ಮಚ್ ಈಸ್ ದ…', 'ಐ ವಿಲ್ ಟೇಕ್…'. ಮೊದಲ ಸುತ್ತಿಗೆ ಅಕ್ಕಿ, ಸಕ್ಕರೆ, ಉಪ್ಪು, ಎಣ್ಣೆ, ಸೋಪು, ಟೀ ಪುಡಿ ಮಾತ್ರ. ಈರುಳ್ಳಿ, ಟೊಮ್ಯಾಟೊ ತಂದರೆ 'ಈಸ್' ಜಾಗಕ್ಕೆ 'ಆರ್' ಬೇಕಾಗುತ್ತದೆ, ಅದು ಮುಂದಿನ ವಾರಕ್ಕಿರಲಿ. ಪ್ರತಿ ಸುತ್ತಿಗೂ ಬೋರ್ಡಿನ ವಾಕ್ಯಗಳಿಂದ ಒಂದೊಂದು ಪದ ಅಳಿಸುತ್ತ ಹೋಗುತ್ತೇನೆ.

ಓದಿನಲ್ಲಿ ಹಿಂದಿರುವವರಿಗೆ ಮೊದಲು ಅಂಗಡಿ ಕೊಡಿ, ಉತ್ತರ ಚಿಕ್ಕದು. ಆಮೇಲೆ ಕಾರ್ಡು ಅದಲುಬದಲು. ಬೆಸ ಸಂಖ್ಯೆಯಾದರೆ ಒಂದಂಗಡಿಗೆ ಇಬ್ಬರು ಗಿರಾಕಿಗಳು. ಗಲಾಟೆ ಆಗೇ ಆಗುತ್ತದೆ, ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಇಲ್ಲಿ ಹೆಚ್ಚು ಕೇಳಿಬರುವ ತಪ್ಪು 'ಯು ಹ್ಯಾವ್ ಶುಗರ್?' ಎಂಬುದು. 'ಸಕ್ಕರೆ ಇದೆಯಾ' ಅನ್ನುವಾಗ ಪ್ರಶ್ನೆ ಕೊನೆಯಲ್ಲಿದೆ, ಹಾಗಾಗಿ ಇಂಗ್ಲಿಷಿನಲ್ಲೂ ಕೊನೆಗೆ ದನಿ ಏರಿಸಿ ಮುಗಿಸುತ್ತಾರೆ. 'ಇದು ಪುಸ್ತಕ' ಎಂಬಲ್ಲಿ ಕ್ರಿಯಾಪದವೇ ಇಲ್ಲದ್ದರಿಂದ 'ದಿಸ್ ಬುಕ್' ಬರುತ್ತದೆ. ಮಾತಿನ ನಡುವೆ ತಿದ್ದಿದರೆ ಮಗು ಬಾಯಿ ಮುಚ್ಚುತ್ತದೆ. ಓಡಾಡುತ್ತ ಕೇಳಿಸಿಕೊಂಡು, ಕೊನೆಯಲ್ಲಿ ಮೂರು ತಪ್ಪು ವಾಕ್ಯಗಳನ್ನು ಯಾರ ಹೆಸರೂ ಹೇಳದೆ ಬೋರ್ಡಿಗೆ ಹಾಕಿ ಅವರಿಂದಲೇ ತಿದ್ದಿಸುತ್ತೇನೆ.

ಅಂಗಡಿ ಸಾಕಾದ ಮೇಲೆ ಬಸ್ಸಿನ ವೇಳಾಪಟ್ಟಿ. ಹಾಸನ, ಅರಸೀಕೆರೆ, ಕಡೂರು, ಚಿಕ್ಕಮಗಳೂರು ಹೀಗೆ ಎಂಟು ಊರು. ಅರ್ಧ ಸಮಯ ಒಂದು ಕಾರ್ಡಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ. 'ವಾಟ್ ಟೈಮ್ ಡಸ್ ದ ಹಾಸನ್ ಬಸ್ ಲೀವ್?' ಎಂದು ಕೇಳಿ ಖಾಲಿ ಜಾಗ ತುಂಬಬೇಕು. ಎರಡೂ ಕಾರ್ಡು ಪಕ್ಕಪಕ್ಕ ಇಟ್ಟರೆ ಎಲ್ಲಿ ತಪ್ಪಾಗಿದೆ ಎಂದು ಅವರಿಗೇ ಕಾಣುತ್ತದೆ. ಫಿಫ್ಟೀನ್–ಫಿಫ್ಟಿ, ಥರ್ಟೀನ್–ಥರ್ಟಿ ಗೊಂದಲವೇ ಹೆಚ್ಚು, ಅದಕ್ಕೆ ಮತ್ತೆ ಬೆರಳೆತ್ತುವ ಆಟ.