ಸಂವಿಧಾನಕ್ಕೂ ಮೊದಲು ಬರೆದ ನಿಯಮಗಳು: ಪೂರ್ವ ತಿಮೋರ್‌ನಲ್ಲಿ ನನ್ನ ಅನುಭವ

2001ರಲ್ಲಿ ಆಗ್ನೇಯ ಏಷ್ಯಾದ ಪುಟ್ಟ ದ್ವೀಪನಾಡಾದ ಪೂರ್ವ ತಿಮೋರ್‌ನ ಸಂವಿಧಾನ ಸಭೆಗೆ ಚುನಾವಣೆ ನಡೆಸಿದ ವಿಶ್ವಸಂಸ್ಥೆಯ ಸಿಬ್ಬಂದಿಯಲ್ಲಿ ನಾನೂ ಒಬ್ಬನಾಗಿದ್ದೆ. ಐನಾರೊ ಎಂಬ ಗುಡ್ಡಗಾಡು ಜಿಲ್ಲೆಯಲ್ಲಿ ಸ್ವಯಂಸೇವಕನಾಗಿ ಕೆಲಸ ಮಾಡಿದೆ. ಅದಕ್ಕೆ ಮೊದಲು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ಮತಪೆಟ್ಟಿಗೆಯ ಜೊತೆಗೆ ಹಳ್ಳಿ ಶಾಲೆಯಲ್ಲಿ ರಾತ್ರಿ ಕಳೆಯುವ ಚುನಾವಣಾ ಕರ್ತವ್ಯವೂ ರೂಢಿಯಾಗಿತ್ತು. ಸಂವಿಧಾನ ರಚನೆಯನ್ನು ತರಗತಿಯಲ್ಲಿ ವಿಧಿಗಳ ಮೇಲಿನ ವಾದವಿವಾದವಾಗಿಯೇ ವಿವರಿಸುತ್ತಿದ್ದ ನನಗೆ, ಸಭೆಯನ್ನು ಹೇಗೆ ಆರಿಸಬೇಕು, ಎಷ್ಟು ದಿನದಲ್ಲಿ ಕೆಲಸ ಮುಗಿಯಬೇಕು, ಎಷ್ಟು ಮತ ಬಿದ್ದರೆ ಅಂಗೀಕಾರ ಎಂಬ ಪುಟ್ಟ ನಿಯಮಾವಳಿಯೇ ಮೊದಲ ಸರ್ಕಾರದ ರೂಪವನ್ನು ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ ಎಂಬುದು ಅಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಅರಿವಾಯಿತು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಇಪ್ಪತ್ತನಾಲ್ಕು ವರ್ಷ ಇಂಡೋನೇಷ್ಯಾದ ಹಿಡಿತದಲ್ಲಿದ್ದ ಈ ನಾಡಿನ ಜನ 1999ರ ಆಗಸ್ಟ್ 30ರಂದು, ಇಂಡೋನೇಷ್ಯಾದೊಳಗೇ ಸ್ವಾಯತ್ತತೆ ಎಂಬ ಪ್ರಸ್ತಾಪವನ್ನು ಶೇ. 78.5 ಮತಗಳಿಂದ ತಿರಸ್ಕರಿಸಿದರು. ಫಲಿತಾಂಶ ಹೊರಬಿದ್ದ ಮೇಲೆ ಸಶಸ್ತ್ರ ಗುಂಪುಗಳು ಮನೆ, ಶಾಲೆ, ಕಚೇರಿಗಳಿಗೆ ಬೆಂಕಿಯಿಟ್ಟವು. ಅಕ್ಟೋಬರ್‌ನಲ್ಲಿ ಭದ್ರತಾ ಮಂಡಳಿ ಅಲ್ಲಿನ ಇಡೀ ಆಡಳಿತವನ್ನು ವಿಶ್ವಸಂಸ್ಥೆಗೆ ಒಪ್ಪಿಸಿತು. ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಆಡಳಿತಗಾರರಾದರು. ಜನನ ದಾಖಲೆ, ಮತದಾರರ ಪಟ್ಟಿ, ಜಮೀನಿನ ಕಾಗದಪತ್ರಗಳಲ್ಲಿ ಬಹುಪಾಲು ಸುಟ್ಟುಹೋಗಿದ್ದವು. ಆದ್ದರಿಂದ ನಮ್ಮ ಮೊದಲ ಕೆಲಸ ಚುನಾವಣೆಯೇ ಆಗಿರಲಿಲ್ಲ, ಜನರನ್ನು ಹೆಸರು ಹಿಡಿದು ದಾಖಲಿಸುವುದಾಗಿತ್ತು. ಹಾಗೆ ನೋಂದಾಯಿತರಾದವರು ಏಳು ಲಕ್ಷಕ್ಕೂ ಹೆಚ್ಚು.

2001ರ ಮಾರ್ಚ್‌ನಲ್ಲಿ ಬಂದ ನಿಯಮಾವಳಿಯ ಸಾರ ಇಷ್ಟು. ಸಭೆಯಲ್ಲಿ 88 ಸದಸ್ಯರಿರಬೇಕು. ಅವರಲ್ಲಿ 75 ಮಂದಿ ಇಡೀ ದೇಶವನ್ನು ಒಂದೇ ಕ್ಷೇತ್ರವಾಗಿ ಗಣಿಸಿ ಪಕ್ಷಗಳ ಮತಪ್ರಮಾಣದಂತೆ ಆಯ್ಕೆಯಾಗಬೇಕು. ಉಳಿದ 13 ಮಂದಿ ಜಿಲ್ಲೆಗೊಬ್ಬರಂತೆ, ಅತಿ ಹೆಚ್ಚು ಮತ ಪಡೆದವರು. ಸಭೆ 90 ದಿನಗಳಲ್ಲಿ ಸಂವಿಧಾನವನ್ನು ಸಿದ್ಧಪಡಿಸಬೇಕು ಮತ್ತು ಕನಿಷ್ಠ 60 ಸದಸ್ಯರ ಒಪ್ಪಿಗೆ ಬೇಕು. ಜೊತೆಗೆ, ಸಂವಿಧಾನ ಹಾಗೆಂದು ಹೇಳಿದಲ್ಲಿ, ಇದೇ ಸಭೆ ಹೊಸ ಚುನಾವಣೆಯಿಲ್ಲದೆ ಶಾಸನಸಭೆಯಾಗಿ ಮುಂದುವರಿಯಬಹುದು. ಈ ಕೊನೆಯ ಅವಕಾಶವನ್ನು ಮೊದಲ ಸಲ ಓದಿದಾಗ ನಾನು ಪುಟ ಮಗುಚಿ ಮುಂದೆ ಹೋದೆ. ನಮ್ಮ ಸಂವಿಧಾನ ಸಭೆಯೂ ತಾತ್ಕಾಲಿಕ ಸಂಸತ್ತಾಗಿ ಕೆಲಸ ಮಾಡಿತ್ತಲ್ಲವೇ! ಆದರೆ ಭಾರತದಲ್ಲಿ ಆ ಸಭೆ ಎರಡು ವರ್ಷ ಹನ್ನೊಂದು ತಿಂಗಳಿಗೂ ಹೆಚ್ಚು ಕಾಲ ಕುಳಿತು ಬರೆಯಿತು, 1951–52ರ ಸಾರ್ವತ್ರಿಕ ಚುನಾವಣೆಯ ನಂತರ ಜಾಗ ಬಿಟ್ಟುಕೊಟ್ಟಿತು. ಮಂಗಳೂರಿನವರಾದ ಬೆನಗಲ್ ನರಸಿಂಗ ರಾಯರಂತಹ ಸಂವಿಧಾನ ಸಲಹೆಗಾರರು ಹಾಕಿಕೊಟ್ಟ ಮೊದಲ ಕರಡಿನ ಮೇಲೆ ಬೇರೆ ಸಮಿತಿ ಕೈಯಾಡಿಸಲು ಅಲ್ಲಿ ಸಮಯವಿತ್ತು. ತಿಮೋರ್‌ನಲ್ಲಿ ಮೂರು ತಿಂಗಳು. ಈ ಅವಧಿ ಸಾಲದೆಂದು ಅಲ್ಲಿನ ನಾಗರಿಕ ಸಂಘಟನೆಗಳು ಆಗಲೇ ಹೇಳಿದ್ದವು.

ಸಭೆ ಸೇರುವ ಮೊದಲು ಜನರ ಅಭಿಪ್ರಾಯ ಕೇಳಲು ಹದಿಮೂರೂ ಜಿಲ್ಲೆಗಳಲ್ಲಿ ಸಂವಿಧಾನ ಆಯೋಗಗಳು ರಚನೆಯಾದವು. ಆಯೋಗದ ಸದಸ್ಯರು ತಿಮೋರ್‌ನವರೇ. ನಮ್ಮ ಪಾಲಿಗೆ ಬಂದದ್ದು ವಾಹನ, ಕುರ್ಚಿ, ಜನರೇಟರ್, ದಾಖಲೆ. ದಿನಾಂಕವನ್ನು ಒಂದು ವಾರ ಮೊದಲೇ ಸುಕೊ, ಅಂದರೆ ಗ್ರಾಮದ ಮುಖ್ಯಸ್ಥರಿಗೆ ತಿಳಿಸಬೇಕು, ಮತ್ತು ಭಾನುವಾರವಾದರೆ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆಯೇ ಆರಂಭಿಸಬೇಕು ಎಂಬುದನ್ನು ಬೇಗ ಕಲಿತೆವು. ಮೇಲ್ಛಾವಣಿಯಿಲ್ಲದ ಒಂದು ಶಾಲೆಯಲ್ಲಿ, ಮಸಿ ಹಿಡಿದ ಗೋಡೆಗಳ ನಡುವೆ ನಡೆದ ಒಂದು ವಿಚಾರಣೆ ನನಗೆ ಚೆನ್ನಾಗಿ ನೆನಪಿದೆ. ಆಯೋಗದವರು ತೇತುಮ್ ಭಾಷೆಯಲ್ಲಿ ಪ್ರಶ್ನೆಗಳನ್ನು ಓದುತ್ತಿದ್ದರು. ಯುವಕನೊಬ್ಬ ಅದನ್ನು ಆ ಭಾಗದ ಮಂಬಾಯ್ ಭಾಷೆಗೆ ಒಪ್ಪಿಸುತ್ತಿದ್ದ. ರಾಷ್ಟ್ರಾಧ್ಯಕ್ಷರಿಗೆ ಅಧಿಕಾರ ಹೆಚ್ಚಿರಬೇಕೋ ಪ್ರಧಾನಿಗೋ ಎಂಬ ಪ್ರಶ್ನೆ ಬಂದಾಗ, ಹೆಗಲ ಮೇಲೆ ತೈಸ್ ಎಂಬ ಕೈಮಗ್ಗದ ಬಟ್ಟೆ ಹೊದ್ದು ಎಲೆಯಡಿಕೆ ಮೆಲ್ಲುತ್ತಿದ್ದ ಹಿರಿಯರೊಬ್ಬರು ಎದ್ದು, ಆ ದೊಡ್ಡ ಮನುಷ್ಯ ತಪ್ಪು ಮಾಡಿದರೆ ಅವನಿಗೆ ಹೇಳುವವರು ಯಾರು ಎಂದು ಕೇಳಿದರು. ಉತ್ತರಿಸುವುದು ಆಯೋಗದ ಕೆಲಸವಲ್ಲ, ಬರೆದುಕೊಳ್ಳುವುದಷ್ಟೇ. ಬರೆದುಕೊಂಡರು. ನಂತರದ ಪ್ರಶ್ನೆಗಳೆಲ್ಲ ಅಕ್ಕಿಯ ಬೆಲೆ, ರಸ್ತೆ, ಶಾಲೆಯ ಛಾವಣಿಯ ಬಗ್ಗೆಯೇ ಇದ್ದವು. ಇವು ಸಂವಿಧಾನಕ್ಕೆ ಸಂಬಂಧಿಸಿದವಲ್ಲ ಎಂದು ವರದಿಯಿಂದ ಬಿಡಬೇಕೆಂಬ ಸಲಹೆ ಬಂದಾಗ ಸ್ಥಳೀಯ ಸದಸ್ಯೆಯೊಬ್ಬರು ಒಪ್ಪಲಿಲ್ಲ, ಅವೂ ಸೇರಿದವು. ಅವರ ನಿಲುವೇ ಸರಿಯೆಂದು ನನಗೆ ಅಂದೂ ಅನಿಸಿತ್ತು.

ದೇಶದಾದ್ಯಂತ ಇಂತಹ ಸಭೆಗಳಿಗೆ 30,000ಕ್ಕೂ ಹೆಚ್ಚು ಜನ ಬಂದರು. ಆದರೆ ಈ ವರದಿಗಳಿಗೆ ಕಾನೂನಿನ ಬಲವಿರಲಿಲ್ಲ. ಅವು ಸಭೆಯ ಮೇಜಿನ ಮೇಲೆ ಬಂದಾಗ, ಬಹುಮತದ ಪಕ್ಷದ ಬಳಿ ತನ್ನದೇ ಕರಡು ಸಿದ್ಧವಿತ್ತು. ಚರ್ಚೆ ಆ ಕರಡಿನ ಸುತ್ತಲೇ ನಡೆಯಿತು.

ಮತದಾನಕ್ಕೆ ಆಗಸ್ಟ್ 30ನ್ನೇ ಆರಿಸಲಾಗಿತ್ತು. ಎರಡು ವರ್ಷದ ಹಿಂದೆ ಮತ ಹಾಕಿದ್ದಕ್ಕೆ ಮನೆ ಕಳೆದುಕೊಂಡವರು ಮತ್ತೆ ಅದೇ ದಿನ ಬರುತ್ತಾರೆಯೇ ಎಂಬ ಅಳುಕು ನಮಗಿತ್ತು. ಅವರು ನಸುಕಿನಲ್ಲೇ, ಭಾನುವಾರದ ಬಟ್ಟೆ ತೊಟ್ಟು, ಗುಡ್ಡ ಇಳಿದು ಬಂದರು. ಒಬ್ಬೊಬ್ಬರಿಗೂ ಎರಡು ಮತಪತ್ರ. ರಾಷ್ಟ್ರೀಯ ಮತಪತ್ರದಲ್ಲಿ 16 ಪಕ್ಷಗಳ ಚಿಹ್ನೆಗಳು. ಅಕ್ಷರ ಬಾರದವರೇ ಹೆಚ್ಚಿದ್ದ ಹಳ್ಳಿಗಳಲ್ಲಿ ನಾವು ವಾರಗಟ್ಟಲೆ ಮಾದರಿ ಮತಪತ್ರ ಹಿಡಿದು ತಿರುಗಿದ್ದರ ಫಲ ಅಂದು ಕಂಡಿತು. ದೇಶದ ಒಟ್ಟು ಮತದಾನ ಶೇ. 91 ದಾಟಿತು. ಮಹಿಳೆಯರಿಗೆ ಮೀಸಲಾತಿ ಬೇಕೆಂಬ ಪ್ರಸ್ತಾಪ ಮೊದಲೇ ಬಿದ್ದುಹೋಗಿದ್ದರೂ, ಆಯ್ಕೆಯಾದವರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮಹಿಳೆಯರಿದ್ದರು.

ಫಲಿತಾಂಶ ಹೊರಬಿದ್ದ ರಾತ್ರಿ ಅದರ ಲೆಕ್ಕವನ್ನು ಕಾಗದದ ಮೇಲೆ ಮಾಡಿದ್ದು ನೆನಪಿದೆ. ಸ್ವಾತಂತ್ರ್ಯ ಹೋರಾಟದ ಪಕ್ಷವಾದ ಫ್ರೆಟಿಲಿನ್‌ಗೆ ಶೇ. 57ರಷ್ಟು ಮತ, ಅದರಂತೆ 75ರಲ್ಲಿ 43 ಸ್ಥಾನ. ಇದರಲ್ಲಿ ಅಚ್ಚರಿಯೇನಿಲ್ಲ. ಆದರೆ 13 ಜಿಲ್ಲಾ ಸ್ಥಾನಗಳಲ್ಲಿ 12 ಅದೇ ಪಕ್ಷಕ್ಕೆ ಸಿಕ್ಕವು. ಓಯೆಕುಸಿ ಮಾತ್ರ ಪಕ್ಷೇತರ ಅಭ್ಯರ್ಥಿಗೆ ಒಲಿಯಿತು. ಒಟ್ಟು 55. ಅಂಗೀಕಾರಕ್ಕೆ ಬೇಕಾದ 60ಕ್ಕೆ ಇನ್ನು ಐದೇ ಕಡಿಮೆ, ಮತ್ತು ಎಎಸ್‌ಡಿಟಿ ಪಕ್ಷವೊಂದರ ಬಳಿಯೇ ಆರು ಇದ್ದವು. ಅಂದರೆ ವಿರೋಧದಲ್ಲಿದ್ದ ಪಕ್ಷಗಳ ಮಾತನ್ನು ಕೇಳಲೇಬೇಕಾದ ಒತ್ತಡ ಆ ಸಭೆಗೆ ಇರಲಿಲ್ಲ. ಜಿಲ್ಲೆಗೂ ಒಂದು ದನಿ ಇರಲಿ ಎಂಬ ಒಳ್ಳೆಯ ಉದ್ದೇಶದಿಂದ ಸೇರಿಸಿದ 13 ಸ್ಥಾನಗಳೇ ಅಂತರವನ್ನು ಹಿಗ್ಗಿಸಿದ್ದವು.

ಸಭೆ ಸೆಪ್ಟೆಂಬರ್ 15ರಂದು ಸೇರಿತು. ಆ ತಿಂಗಳಲ್ಲೇ ಫ್ರೆಟಿಲಿನ್ ನಾಯಕ ಮಾರಿ ಅಲ್ಕತಿರಿ ಅವರ ನೇತೃತ್ವದಲ್ಲಿ ತಿಮೋರ್‌ನವರದೇ ಮಂತ್ರಿಮಂಡಲ ರಚನೆಯಾಯಿತು. ಸಂವಿಧಾನಕ್ಕಿಂತ ಮೊದಲೇ ಸರ್ಕಾರ ಬಂದಂತಾಯಿತು. ಆ ವೇಳೆಗೆ ನಾನು ಅಧ್ಯಕ್ಷೀಯ ಚುನಾವಣೆಯ ತಯಾರಿಗಾಗಿ ರಾಜಧಾನಿ ದಿಲಿಗೆ ಬಂದಿದ್ದೆ. ಬಿಡುವಾದಾಗ ಕಲಾಪ ನೋಡಲು ಹೋಗುತ್ತಿದ್ದೆ. ಹಳೆಯ ವಸಾಹತು ಆಡಳಿತದ ಭಾಷೆಯಾದ ಪೋರ್ಚುಗೀಸ್‌ನಲ್ಲಿದ್ದ ಕರಡು, ಇಂಡೋನೇಷ್ಯಾದ ಭಾಷೆಯಲ್ಲಿ ಓದಿ ಬೆಳೆದ ಯುವ ಸದಸ್ಯರು, ತೇತುಮ್‌ನಲ್ಲಿ ಭಾಷಣ. ಪ್ರತಿ ವಿಧಿಗೂ ತಡ. 90 ದಿನ ಸಾಲದೆ ಅವಧಿ ವಿಸ್ತರಿಸಬೇಕಾಯಿತು. ಕೊನೆಗೆ 2002ರ ಮಾರ್ಚ್ 22ರಂದು 170 ವಿಧಿಗಳ ಸಂವಿಧಾನ 72 ಮತಗಳಿಂದ ಅಂಗೀಕಾರವಾಯಿತು. 14 ಮಂದಿ ವಿರೋಧಿಸಿದರು. ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕು, ಆದರೆ ಆಡಳಿತ ಪ್ರಧಾನಿಯದು ಎಂಬುದು ಅದರ ಏರ್ಪಾಡು. ಏಪ್ರಿಲ್ 14ರ ಚುನಾವಣೆಯಲ್ಲಿ ಶೇ. 82ಕ್ಕೂ ಹೆಚ್ಚು ಮತ ಪಡೆದ, ಸ್ವಾತಂತ್ರ್ಯ ಹೋರಾಟದ ನಾಯಕ ಶನಾನ ಗುಸ್ಮಾವೊ ಅವರಿಗೆ ಸಿಕ್ಕದ್ದು ಹೀಗೆ ಕೈ ಕಟ್ಟಿದ ಹುದ್ದೆ. ಆದರೂ ಮಸೂದೆಗಳನ್ನು ತಡೆಹಿಡಿಯುವ ಅಧಿಕಾರ ಉಳಿಯಿತು.

167ನೇ ವಿಧಿ ಸಂವಿಧಾನ ಸಭೆಯನ್ನು ಸಂಸತ್ತಾಗಿ ಪರಿವರ್ತಿಸಿತು. ಮೇ 20ರಂದು ಸ್ವಾತಂತ್ರ್ಯ ಬಂತು, ಅಲ್ಕತಿರಿ ಪ್ರಧಾನಿಯಾದರು, ಸಂವಿಧಾನ ಬರೆಯಲೆಂದು ಆರಿಸಿ ಬಂದ ಆ 88 ಮಂದಿ 2007ರವರೆಗೂ ಶಾಸಕರಾಗಿದ್ದರು. ಇದಕ್ಕಿಂತ ಒಂದು ವರ್ಷದೊಳಗೆ ಹೊಸ ಚುನಾವಣೆ ನಡೆಸುವುದು ಲೇಸಾಗಿತ್ತು ಎಂಬುದು ನನ್ನ ಅಭಿಪ್ರಾಯ. ಖರ್ಚು ಹೆಚ್ಚೆಂಬ ವಾದ ನನಗೆ ಗೊತ್ತು, ಆದರೆ ನಿಯಮ ಬರೆದವರೇ ಅದರ ಮೊದಲ ಫಲಾನುಭವಿಗಳಾದರೆ ಸೋತವರಿಗೆ ಆ ಗ್ರಂಥದ ಮೇಲೆ ಮಮತೆ ಹುಟ್ಟುವುದು ತಡವಾಗುತ್ತದೆ.

2007ರ ಜೂನ್‌ನಲ್ಲಿ ಸಂಸತ್ತಿಗೆ ಮೊದಲ ಚುನಾವಣೆ ನಡೆದಾಗ ನಾನು ಊರಿನಲ್ಲಿದ್ದೆ. ಫ್ರೆಟಿಲಿನ್ 65ರಲ್ಲಿ 21 ಸ್ಥಾನ ಪಡೆದು ದೊಡ್ಡ ಪಕ್ಷವಾಯಿತು, ಆದರೆ ಬಹುಮತವಿರಲಿಲ್ಲ. ಅತಿ ಹೆಚ್ಚು ಮತ ಪಡೆದ ಪಕ್ಷ ಅಥವಾ ಬಹುಮತವಿರುವ ಪಕ್ಷಗಳ ಕೂಟ ಪ್ರಧಾನಿಯ ಹೆಸರನ್ನು ಸೂಚಿಸಬಹುದು ಎಂದು 106ನೇ ವಿಧಿ ಎರಡು ದಾರಿಗಳನ್ನು ತೆರೆದಿಟ್ಟಿತ್ತು. ಯಾವುದು ಮೊದಲು ಎಂದು ಅದು ಹೇಳಿರಲಿಲ್ಲ. 55 ಸ್ಥಾನಗಳಿದ್ದ ಕಾಲದಲ್ಲಿ ಆ ಪ್ರಶ್ನೆ ಏಳುವಂತೆಯೂ ಇರಲಿಲ್ಲ. ಆಗ ಅಧ್ಯಕ್ಷರಾಗಿದ್ದ ಜೋಸೆ ರಾಮೋಸ್-ಹೋರ್ತಾ ಎರಡನೇ ದಾರಿ ಹಿಡಿದು, 37 ಸ್ಥಾನಗಳ ಕೂಟದ ನಾಯಕ ಗುಸ್ಮಾವೊ ಅವರನ್ನು ಪ್ರಧಾನಿಯಾಗಿ ನೇಮಿಸಿದರು. ಇದು ಸಂವಿಧಾನಬಾಹಿರವೆಂದು ಫ್ರೆಟಿಲಿನ್ ಪ್ರತಿಭಟಿಸಿತು.